ಬಟ್ಟೆ ಒಗೆಯೋ ಕೋಣೆಗೆ ಟೈಲ್ಸ್ ಹಾಕೋಕೆ ಮುಂಚೆ ಗೋಡೆ ರಿಪೇರಿ ಮಾಡಿ ರೆಡಿ ಮಾಡ್ಕೊಳ್ಳೋದು ಹೇಗೆ

ನಮ್ಮನೇಲಿ ವಾಷಿಂಗ್ ಮಷೀನ್ ಹಿಂದಿನ ಗೋಡೆಗೆ ಟೈಲ್ಸ್ ಹಾಕಿಸಿ ಎರಡು ವರ್ಷ ತುಂಬೋದ್ರೊಳಗೆ ಒಂದೊಂದಾಗಿ ಕಳಚ್ಕೊಂಡು ಬೀಳೋಕೆ ಶುರುವಾಯ್ತು. ಬಿದ್ದ ಟೈಲೊಂದನ್ನ ಕೈಗೆ ತಗೊಂಡು ತಿರುಗಿಸಿ ನೋಡ್ದೆ. ಅಂಟು ಅದರ ಬೆನ್ನಿಗೆ ಕಲ್ಲಿನ ತರ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೂ ಬರ್ತಿರಲಿಲ್ಲ, ಆದ್ರೆ ಆ ಅಂಟಿನ ಮೇಲೆ ಇನ್ನೊಂದು ಪದರ ಅಂಟ್ಕೊಂಡಿತ್ತು, ತಿಳಿ ನೀಲಿ ಹಳೇ ಪೇಂಟು, ಅದರ ಜೊತೆಗೆ ಬೆಳ್ಳಗಿನ ಪುಟ್ಟಿ ಪುಡಿ. ಗೋಡೆ ಕಡೆ ನೋಡಿದ್ರೆ ಅಲ್ಲಿ ಅಂಟಿನ ಗುರುತೇ ಇಲ್ಲ, ನುಣ್ಣಗೆ ಕಾಣೋ ಪುಟ್ಟಿ ಅಷ್ಟೇ. ಅಂದ್ರೆ ಅಂಟು ತನ್ನ ಕೆಲಸ ಸರಿಯಾಗೇ ಮಾಡಿತ್ತು, ಟೈಲೂ ಚೆನ್ನಾಗೇ ಇತ್ತು, ಕೈ ಕೊಟ್ಟಿದ್ದು ಮಧ್ಯದಲ್ಲಿದ್ದ ಪೇಂಟು ಪುಟ್ಟಿ. ಹಾಕಿದವರು ಹಳೇ ಪೇಂಟ್ ಮೇಲೇ ಅಂಟು ಬಳಿದು ಹೋಗಿದ್ರು, ನನಗೂ ಆಗ ಗೊತ್ತಿರಲಿಲ್ಲ, ಕೇಳ್ಲಿಲ್ಲ.

ಆಮೇಲೆ ಆ ಕೋಣೇನ ಪೂರ್ತಿ ಕಿತ್ತು ಮೊದಲಿಂದ ಮಾಡಿದ್ವಿ. ಅದರಲ್ಲಿ ಕಲಿತಿದ್ದನ್ನೆಲ್ಲ ಇಲ್ಲಿ ಬರೀತಿದೀನಿ. ಒಂದೇ ಒಂದು ಮಾತು ತಲೇಲಿ ಇಟ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ: ಟೈಲ್ ಅಂಟೋದು ಗೋಡೆಗಲ್ಲ, ಗೋಡೆ ಮೇಲೆ ಎಲ್ಲಕ್ಕಿಂತ ಹೊರಗಡೆ ಏನಿದೆಯೋ ಅದಕ್ಕೆ. ಅದು ಧೂಳಾದ್ರೆ ಧೂಳಿಗೆ, ಪೇಂಟಾದ್ರೆ ಪೇಂಟಿಗೆ, ಸೋಪಿನ ಜಿಡ್ಡಾದ್ರೆ ಜಿಡ್ಡಿಗೆ.

ಬಟ್ಟೆ ಒಗೆಯೋ ಕೋಣೆ ಬೇರೆ ಕೋಣೆ ತರ ಅಲ್ಲ ಅನ್ನೋದೂ ನೆನಪಿರ್ಲಿ. ಸಿಂಕ್ ಹತ್ರ ನೀರು ಹಾರುತ್ತೆ, ಮಷೀನ್ ಪೈಪಿಂದ ತೊಟ್ಟಿಕ್ಕುತ್ತೆ, ಒದ್ದೆ ಬಟ್ಟೆ ಅಲ್ಲೇ ಒಣಗ್ಸಿದ್ರೆ ಗಾಳೀಲೂ ತೇವ, ಇದರ ಜೊತೆ ಸ್ಪಿನ್ ಆಗೋವಾಗ ಮಷೀನ್ ನಿಮಿಷಕ್ಕೆ ನೂರಾರು ಸುತ್ತು, ಕೆಲವು ಸಾವಿರಕ್ಕಿಂತ ಜಾಸ್ತಿ ತಿರುಗುತ್ತೆ, ಆ ನಡುಕ ನೆಲದಿಂದ ಗೋಡೆಗೆ ಹೋಗುತ್ತೆ. ಹಾಲಲ್ಲಿ ಹತ್ತು ವರ್ಷ ನಡೆಯೋ ಅರೆಬರೆ ಕೆಲಸ ಇಲ್ಲಿ ಎರಡು ವರ್ಷ ತಡೆಯಲ್ಲ.

ಮೊದಲು ಗೋಡೆ ತಟ್ಟಿ ನೋಡಿ

ಸುತ್ತಿಗೆ ಹಿಡಿಯೋಕೆ ಮುಂಚೆ ಒಂದು ಚಾಕ್ ಪೀಸು, ಒಂದು ಸ್ಕ್ರೂಡ್ರೈವರ್ ತಗೊಂಡು ಗೋಡೆ ಮುಂದೆ ನಿಂತ್ಕೊಳ್ಳಿ. ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದು ಗೇಣಿಗೂ ತಟ್ತಾ ಹೋಗಿ. ಗಾರೆ ಗಟ್ಟಿ ಇದ್ರೆ ಟಣ್ ಅಂತ ಚಿಕ್ಕ ಬಿಗಿ ಶಬ್ದ ಬರುತ್ತೆ, ಗಾರೆ ಇಟ್ಟಿಗೆ ಬಿಟ್ಟಿದ್ರೆ ಡಬ್ ಡಬ್ ಅಂತ ಟೊಳ್ಳು ಶಬ್ದ. ಎರಡಕ್ಕೂ ವ್ಯತ್ಯಾಸ ಎಷ್ಟಿದೆ ಅಂದ್ರೆ ಎರಡು ನಿಮಿಷ ತಟ್ಟೋದ್ರೊಳಗೆ ಕಿವಿಗೆ ಗೊತ್ತಾಗಿಬಿಡುತ್ತೆ. ಟೊಳ್ಳು ಬಂದ ಕಡೆಯೆಲ್ಲ ಚಾಕಲ್ಲಿ ಸುತ್ತು ಹಾಕಿ. ಆಮೇಲೆ ಅದೇ ಸ್ಕ್ರೂಡ್ರೈವರ್ ತುದೀಲಿ ಗಾರೇನ ಕೆರೆದು ನೋಡಿ, ಮರಳು ಉದುರ್ತಾ ಹೋದ್ರೆ ಆ ಗಾರೆಗೆ ಜೀವ ಇಲ್ಲ ಅಂತ ಅರ್ಥ, ಶಬ್ದ ಚೆನ್ನಾಗಿ ಬಂದ್ರೂ ತೆಗೀಲೇಬೇಕು. ಬಿರುಕು ಎಲ್ಲೆಲ್ಲಿದೆ, ಬಿಳಿ ಪುಡಿ ಎಲ್ಲಿದೆ, ಕಪ್ಪು ಬೂಸ್ಟು ಎಲ್ಲಿದೆ ಎಲ್ಲಾನೂ ಗುರುತು ಮಾಡಿ ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ, ಕೆಡವಿದ ಮೇಲೆ ಎಲ್ಲಾ ಒಂದೇ ತರ ಕಾಣುತ್ತೆ, ಆಗ ಈ ಫೋಟೋನೇ ಆಧಾರ.

ಹಿಂದೆ ಮುಂದೆ ನೋಡ್ದೆ ಮಷೀನ್ ಮತ್ತೆ ಸಿಂಕ್ ಎರಡನ್ನೂ ಆಚೆ ಎಳೆದೇ ಕೆಲಸ ಶುರು ಮಾಡಿ. ಎಷ್ಟೋ ಜನ ಮಷೀನ್ ಹಿಂದೆ ಯಾರು ನೋಡ್ತಾರೆ ಅಂತ ಬಿಟ್ಬಿಡ್ತಾರೆ, ಆದ್ರೆ ಗೋಡೆ ಹಾಳಾಗೋದು ಶುರುವಾಗೋದೇ ಅಲ್ಲಿಂದ.

ಕೆಡವೋ ಕೆಲಸ, ಜೋಪಾನವಾಗಿ

ಆ ಕೋಣೆಯ ನೀರಿನ ವಾಲ್ವ್ ಬಂದ್ ಮಾಡಿ, ನಲ್ಲಿ ತಿರುಗಿಸಿ ಪೈಪಲ್ಲಿ ಉಳಿದಿರೋ ನೀರು ಬಿಡಿ. ಕರೆಂಟನ್ನ ಎಂಸಿಬಿಯಲ್ಲೇ (ಮೀಟರ್ ಬೋರ್ಡಿನ ಬ್ರೇಕರಲ್ಲೇ) ಆಫ್ ಮಾಡಿ, ಸ್ವಿಚ್ ಆಫ್ ಮಾಡಿದ್ರೆ ಸಾಕು ಅನ್ಕೋಬೇಡಿ, ಯಾಕಂದ್ರೆ ಗೋಡೆ ಒಳಗಿನ ವೈರಲ್ಲಿ ಆಗ್ಲೂ ಕರೆಂಟ್ ಇರುತ್ತೆ, ಉಳಿ ಅದಕ್ಕೇ ತಾಗೋದು. ಟೆಸ್ಟರ್ ಇಟ್ಟು ನೋಡಿದ ಮೇಲೇನೇ ಕೈ ಹಾಕಿ. ನೆಲದ ಟ್ರ್ಯಾಪಿಗೆ, ಅಂದ್ರೆ ನೀರು ಹೋಗೋ ತೂತಿಗೆ, ಬಟ್ಟೆ ತುರುಕಿ ಮೇಲೊಂದು ಹಲಗೆ ಮುಚ್ಚಿ, ಗಾರೆ ಚೂರು ಒಳಗೆ ಹೋಗಿ ಕಟ್ಕೊಂಡ್ರೆ ಟೈಲ್ಸ್ ಎಲ್ಲಾ ಮುಗಿದ ಮೇಲೆ ಗೊತ್ತಾಗುತ್ತೆ, ಆಗ ಅದನ್ನ ತೆಗೆಯೋದು ಬಹಳ ಕಷ್ಟ.

ಕನ್ನಡಕ, ಗ್ಲೌಸ್, ಎನ್95 ಮಾಸ್ಕ್ ಮೂರೂ ಕಡ್ಡಾಯ. ಸಿಮೆಂಟ್, ಇಟ್ಟಿಗೆ, ಟೈಲ್ ಕತ್ತರಿಸೋ ಧೂಳಲ್ಲಿ ಸಿಲಿಕಾ ಇರುತ್ತೆ, ಅದು ಶ್ವಾಸಕೋಶದಲ್ಲಿ ಹೋಗಿ ಕೂತ್ರೆ ವಾಪಸ್ ಬರಲ್ಲ. ಮನೆ ಹಳೇದಾಗಿದ್ದು ಗೋಡೆ ಸಿಮೆಂಟ್ ಶೀಟಿಂದು ಆಗಿದ್ರೆ ಒಡೆಯೋಕೆ ಹೋಗ್ಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಲ್ಯಾಬಲ್ಲಿ ಟೆಸ್ಟ್ ಮಾಡಿಸಿ, ಇದ್ರೆ ಅದನ್ನ ತೆಗೆಯೋಕೆ ತರಬೇತಿ ಆದವರನ್ನೇ ಕರೀಬೇಕು. ಹಳೇ ಎಣ್ಣೆ ಪೇಂಟಲ್ಲಿ ಸೀಸ ಇರಬಹುದು, ಒಣ ಪೇಂಟನ್ನ ಮಷೀನ್ ಇಟ್ಟು ಉಜ್ಜಬೇಡಿ, ಒದ್ದೆ ಮಾಡ್ಕೊಂಡು ಕೆರೆಯಿರಿ, ಮನೇಲಿ ಚಿಕ್ಕ ಮಕ್ಕಳಿದ್ರಂತೂ ಈ ವಿಷಯದಲ್ಲಿ ಸ್ವಲ್ಪಾನೂ ಅಸಡ್ಡೆ ಬೇಡ.

ಹಳೇ ಟೈಲ್ಸ್ ತೆಗೆಯೋದು ಮೇಲಿಂದ ಕೆಳಗೆ. ಒಂದು ಟೈಲ್ ಒಡೆದು ಜಾಗ ಮಾಡ್ಕೊಂಡ್ರೆ ಆಮೇಲೆ ಉಳೀನ ಅಡ್ಡಕ್ಕೆ ಮಲಗಿಸಿ ಹಿಂದಿನಿಂದ ಎಬ್ಬಿಸ್ತಾ ಹೋಗ್ಬಹುದು, ಉಳೀನ ಗೋಡೆಗೆ ನೇರ ಹೊಡೆದ್ರೆ ಇಟ್ಟಿಗೇನೂ ಸೀಳುತ್ತೆ. ಹಳೇ ಅಂಟನ್ನ ಒಂದು ಪದರಾನೂ ಬಿಡ್ದೆ ತೆಗೀಬೇಕಾ ಅಂತ ಕೇಳ್ತಾರೆ, ಗಟ್ಟಿಯಾಗಿ ಹಿಡ್ಕೊಂಡಿರೋ ಸಿಮೆಂಟ್ ಅಂಟಾದ್ರೆ ಉಬ್ಬು ತೆಗೆದು ಸಮ ಮಾಡಿದ್ರೆ ಸಾಕು, ಹಳದಿ ಬಣ್ಣದ ರಬ್ಬರ್ ತರದ ಅಂಟು ಆದ್ರೆ ಪೂರ್ತಿ ತೆಗೀಬೇಕು. ಟೊಳ್ಳು ಗಾರೆ ತೆಗೆಯೋವಾಗ ಚಾಕಿನ ಸುತ್ತಿಗೆ ನಿಲ್ಲಬೇಡಿ, ಗಟ್ಟಿ ಗಾರೆ ಸಿಗೋ ತನಕ ಹೋಗಿ, ಅಲ್ಲಿ ಗ್ರೈಂಡರಿಂದ ಚೌಕಾಕಾರವಾಗಿ ಅಂಚು ಕತ್ತರಿಸ್ಕೊಳ್ಳಿ. ಅಂಚು ಸಪಾಟಾಗಿ ತೆಳ್ಳಗಾಗ್ತಾ ಹೋದ್ರೆ ಹೊಸ ಗಾರೆ ಆ ತೆಳು ಜಾಗದಲ್ಲೇ ಎದ್ದು ಬರುತ್ತೆ.

ತೇವ ಎಲ್ಲಿಂದ ಬರ್ತಿದೆ ಅನ್ನೋದು

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡ್ಬೇಕಾಗಿರೋದು ಇದಕ್ಕೆ. ಗೋಡೆ ಒಳಗೆ ನೀರು ಬರೋ ದಾರಿ ಮುಚ್ಚದೆ ಎಷ್ಟು ಒಳ್ಳೆ ಟೈಲ್ ಹಾಕಿದ್ರೂ ವ್ಯರ್ಥ.

ಒಂದು ಸುಲಭದ ಟೆಸ್ಟ್ ಇದೆ. ಎರಡಡಿ ಅಗಲ ಎರಡಡಿ ಎತ್ತರದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಂಡು ಬರೀ ಗಾರೆ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ, ಕನಿಷ್ಠ ಒಂದು ದಿನ, ಸಾಧ್ಯ ಆದ್ರೆ ಎರಡು ದಿನ ಬಿಡಿ. ತೆಗೆದು ನೋಡ್ದಾಗ ಹಾಳೆಯ ಗೋಡೆ ಕಡೆಯ ಮೈಮೇಲೆ ಹನಿ ಕಟ್ಟಿದ್ರೆ, ಅಥವಾ ಆ ಜಾಗದ ಗಾರೆ ಕಪ್ಪಾಗಿದ್ರೆ, ನೀರು ಗೋಡೆ ಒಳಗಿಂದ ಬರ್ತಿದೆ. ಹನಿ ಬರೀ ಹೊರಗಡೆ ಮೈಮೇಲೆ ಇದ್ರೆ ಅದು ಕೋಣೆ ಗಾಳಿಯ ತೇವ, ಅದಕ್ಕೆ ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ಬೇಕು, ಗೋಡೆದೇನೂ ತಪ್ಪಿಲ್ಲ. ನಾನು ಮೂರು ಕಡೆ ಹಾಳೆ ಅಂಟಿಸಿದ್ದೆ, ಎರಡು ಪೂರ್ತಿ ಒಣ, ಸಿಂಕ್ ಕೆಳಗಿನದು ಮಾತ್ರ ಒಳಗಡೆ ಬೆವರಿದ ಹಾಗೆ ಹನಿಹನಿ. ಅಲ್ಲಿ ಕಿತ್ತು ನೋಡಿದ್ರೆ ನಲ್ಲಿ ಪೈಪಿನ ಎಲ್ಬೋ (ಪೈಪ್ ತಿರುಗೋ ಕಡೆ ಹಾಕೋ ಮೊಣಕೈ ತರದ ತುಂಡು) ಹತ್ರ ಕೂದಲೆಳೆ ಬಿರುಕು, ಒಂದು ಹನಿ ಕಟ್ಟಿ ಬೀಳೋಕೆ ಎರಡು ಮೂರು ನಿಮಿಷ ಹಿಡೀತಿತ್ತು, ಆದ್ರೆ ವರ್ಷಗಟ್ಟಲೆ ಬಿದ್ದೂ ಬಿದ್ದೂ ಸುತ್ತ ಒಂದೂವರೆ ಅಡಿ ಗಾರೆ ಮೆತ್ತಗಾಗಿ ಹೋಗಿತ್ತು.

ತೇವ ಎಲ್ಲಿದೆ ಅನ್ನೋದೂ ಕಾರಣ ಹೇಳುತ್ತೆ. ನೆಲದಿಂದ ಶುರುವಾಗಿ ಒಂದು ಮೀಟರ್ ಒಳಗೆ ಅಡ್ಡ ಗೆರೆ ಹೊಡೆದ ಹಾಗೆ ನಿಂತಿದ್ರೆ ಪಾಯದಿಂದ ನೀರು ಮೇಲಕ್ಕೆ ಹೀರ್ಕೊಳ್ತಿದೆ. ಪೈಪ್ ಹೋಗಿರೋ ಗೆರೆ ಉದ್ದಕ್ಕೂ ಇದ್ರೆ ಪೈಪ್. ಹೊರಗೋಡೆ ಆಗಿದ್ದು ಮಳೆ ಬಂದಾಗ ಮಾತ್ರ ಜಾಸ್ತಿ ಆದ್ರೆ ಹೊರಗಿನ ಬಿರುಕು. ಪಾಯದ ತೇವಕ್ಕೆ ಒಳಗಡೆಯಿಂದ ವಾಟರ್‌ಪ್ರೂಫ್ ಬಳಿದು ಮುಚ್ಚಿದ್ರೆ ಅದು ಇನ್ನೂ ಮೇಲಕ್ಕೆ ಹತ್ತಿ ಬೇರೆ ಕಡೆ ಬರುತ್ತೆ ಅಷ್ಟೇ, ಅದಕ್ಕೆ ಗೋಡೆ ಬುಡದಲ್ಲಿ ತೂತು ಕೊರೆದು ಕೆಮಿಕಲ್ ತುಂಬಿಸೋ ವಿಧಾನ ಇದೆ, ಅದನ್ನ ತಿಳಿದವರ ಕೈಲೇ ಮಾಡಿಸಿ.

ಬಿಳಿ ಪುಡಿ ಅಂದ್ರೆ ನೀರಿನ ಜೊತೆ ಗೋಡೆ ಒಳಗಿನ ಉಪ್ಪು ಹೊರಗೆ ಬಂದು ನೀರು ಆರಿದ ಮೇಲೆ ಉಳ್ಕೊಂಡಿರೋದು. ಇದನ್ನ ನೀರಲ್ಲಿ ತೊಳೀಬೇಡಿ, ಕರಗಿ ಮತ್ತೆ ಗೋಡೆ ಒಳಗೇ ಹೋಗುತ್ತೆ. ಒಣ ಬ್ರಷ್ಷಲ್ಲಿ ಉಜ್ಜಿ ಕೆಳಗೆ ಬಿದ್ದಿದ್ದನ್ನ ಗುಡಿಸಿ ಹೊರಗೆ ಹಾಕಿ, ಒಂದು ವಾರ ಬಿಟ್ಟು ಮತ್ತೆ ನೋಡಿ, ಮತ್ತೆ ಬಂದಿದ್ರೆ ನೀರಿನ ದಾರಿ ಇನ್ನೂ ಮುಚ್ಚಿಲ್ಲ ಅಂತ.

ಕಪ್ಪು ಬೂಸ್ಟಿಗೆ ಡಿಟರ್ಜೆಂಟ್ ನೀರು ಹಾಕಿ ಉಜ್ಜಿ, ಬೇಕಾದ್ರೆ ನೀರು ಬೆರೆಸಿದ ಬ್ಲೀಚ್ ಹಚ್ಚಿ ತೊಳೆದು ಒಣಗಿಸಿ. ಬ್ಲೀಚ್ ಜೊತೆ ಆ್ಯಸಿಡ್ ಆಗ್ಲಿ ಅಮೋನಿಯಾ ಇರೋ ಕ್ಲೀನರ್ ಆಗ್ಲಿ ಯಾವತ್ತೂ ಸೇರಿಸ್ಬೇಡಿ, ವಿಷ ಗಾಳಿ ಬರುತ್ತೆ, ಚಿಕ್ಕ ಕೋಣೇಲಿ ಅದು ಪ್ರಾಣಕ್ಕೇ ಅಪಾಯ.

ಪೇಂಟು, ಪುಟ್ಟಿ, ಪಿಓಪಿ, ಸೋಪಿನ ಜಿಡ್ಡು

ಪೇಂಟ್ ಮೇಲೆ ಟೈಲ್ ಹಾಕ್ಬಹುದಾ ಅಂದ್ರೆ ನನ್ನ ಉತ್ತರ ಬೇಡ. ಎಣ್ಣೆ ಪೇಂಟಾಗ್ಲಿ ಎಮಲ್ಷನ್ ಆಗ್ಲಿ ಕೆರೆದು ತೆಗೀರಿ. ಕೆಲವರು ಪೇಂಟ್ ಮೇಲೆ ಉಳೀಲಿ ಅಲ್ಲಲ್ಲಿ ಕಚ್ಚು ಹಾಕಿ ಇಷ್ಟು ಸಾಕು ಅಂತಾರೆ, ಆ ಕಚ್ಚು ಬಿದ್ದಿರೋದು ಗೋಡೆಯ ಹತ್ತರಲ್ಲಿ ಒಂದು ಪಾಲು, ಉಳಿದ ಒಂಬತ್ತು ಪಾಲು ಪೇಂಟೇ ತಾನೇ. ಪುಟ್ಟಿ ಇನ್ನೂ ಮೋಸ. ಪುಟ್ಟಿ ಇರೋದು ಪೇಂಟ್ ನುಣ್ಣಗೆ ಕಾಣ್ಲಿ ಅಂತ, ಟೈಲಿನ ಭಾರ ಹೊರೋಕಲ್ಲ. ಗೋಡೆ ಸಮ ಇಲ್ಲ ಅಂತ ಟೈಲ್ಸ್ ಕೆಳಗೆ ಹೊಸದಾಗಿ ಪುಟ್ಟಿ ಹಾಕೋಕೆ ಯಾರಾದ್ರೂ ಹೊರಟ್ರೆ ಅಲ್ಲೇ ತಡೀರಿ, ಸಮ ಮಾಡ್ಬೇಕಾಗಿರೋದು ಗಾರೇಲಿ.

ಇನ್ನೊಂದು ಕಣ್ಣಿಗೆ ಬೀಳದ ಜಾಗ ಸ್ವಿಚ್ ಬಾಕ್ಸ್ ಸುತ್ತ. ಎಲೆಕ್ಟ್ರಿಷಿಯನ್ನರು ಬಾಕ್ಸ್ ಬೇಗ ಹಿಡೀಲಿ ಅಂತ ಸುತ್ತ ಪಿಓಪಿ ಮೆತ್ತಿರ್ತಾರೆ, ಪಿಓಪಿ ಅಂದ್ರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದು ಜಿಪ್ಸಮ್ಮೇ, ನೀರು ಸೋಕಿದ್ರೆ ಮೆತ್ತಗಾಗುತ್ತೆ. ಉಗುರಲ್ಲಿ ಗೀರಿದ್ರೆ ಬೆಳ್ಳಗೆ ಗೆರೆ ಬೀಳುತ್ತಲ್ಲ ಅದೇ ಅದು, ಅದನ್ನ ಕಿತ್ತು ಸಿಮೆಂಟ್ ಗಾರೆ ತುಂಬಿ. ಇಡೀ ಗೋಡೇನೇ ಜಿಪ್ಸಮ್ ಪ್ಲಾಸ್ಟರ್ ಆಗಿದ್ರೆ ಎರಡು ಸಮಸ್ಯೆ. ಒಂದು, ಸಿಮೆಂಟ್ ಅಂಟು ಮತ್ತೆ ಜಿಪ್ಸಮ್ ನೇರ ತಾಗಿದ್ರೆ ತೇವದಲ್ಲಿ ಎರಡೂ ಸೇರಿ ಎಟ್ರಿಂಗೈಟ್ ಅನ್ನೋ ಉಪ್ಪಿನ ಹರಳು ಬೆಳೆಯುತ್ತೆ, ಅದು ಉಬ್ಬಿ ಟೈಲನ್ನ ಹಿಂದಿನಿಂದ ತಳ್ಳುತ್ತೆ. ಎರಡನೇದು ಭಾರ, ಜಿಪ್ಸಮ್ ಪ್ಲಾಸ್ಟರ್ ಮೇಲೆ ಅಂಟೂ ಸೇರಿ ಚದರ ಮೀಟರಿಗೆ 20 ಕೆಜಿ ಮೀರಬಾರ್ದು ಅಂತ ಲೆಕ್ಕ, ಆದ್ರೆ 10 ಮಿಮೀ ದಪ್ಪದ ಪೋರ್ಸಲೇನ್ ಟೈಲ್ ಒಂದೇ 20 ಕೆಜಿ ದಾಟುತ್ತೆ. ನೀರು ಬೀಳೋ ಗೋಡೇಲಿ ಜಿಪ್ಸಮ್ ಇದ್ರೆ ಅದನ್ನ ತೆಗೆದು ಸಿಮೆಂಟ್ ಗಾರೆ ಮಾಡಿಸೋದೇ ಸರಿ ಅಂತ ನನಗನ್ಸುತ್ತೆ.

ಸೋಪಿನ ಜಿಡ್ಡು ಕಣ್ಣಿಗೆ ಕಾಣಲ್ಲ. ವರ್ಷಗಟ್ಟಲೆ ಡಿಟರ್ಜೆಂಟ್ ನೊರೆ, ಫ್ಯಾಬ್ರಿಕ್ ಕಂಡೀಷನರ್ ಹಾರಿ ಗೋಡೆ ಮೇಲೆ ಒಂದು ತೆಳು ಪೊರೆ ಕಟ್ಟಿರುತ್ತೆ. ಅಂಗೈಲಿ ನೀರು ತಗೊಂಡು ಗೋಡೆಗೆ ಚಿಮುಕಿಸಿ ನೋಡಿ, ನೀರು ಒಂದು ನಿಮಿಷದೊಳಗೆ ಒಳಗಿಳಿದ್ರೆ ಸರಿ, ಮುತ್ತಿನ ತರ ಉಂಡೆಯಾಗಿ ಜಾರಿದ್ರೆ ಅಲ್ಲಿ ಜಿಡ್ಡಿದೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಗಟ್ಟಿ ಬ್ರಷ್ಷಲ್ಲಿ ಉಜ್ಜಿ, ಆಮೇಲೆ ಬರೀ ನೀರಲ್ಲಿ ಎರಡು ಸಲ ತೊಳೀರಿ.

ಪೈಪು, ಬಿರುಕು, ಹೊಸ ಗಾರೆ

ಗೋಡೆ ಬಿಚ್ಚಿರೋವಾಗ್ಲೇ ಪೈಪಿನ ಕೆಲಸ ಎಲ್ಲಾ ಮುಗಿಸ್ಬಿಡಿ. ಮಷೀನಿನ ನಲ್ಲಿಯನ್ನ ಮಷೀನಿನ ಹಿಂದೆ ಇಡ್ಬೇಡಿ, ಪಕ್ಕಕ್ಕೆ, ಕೈಗೆ ಸಿಗೋ ಹಾಗೆ ಇಡಿ, ಪೈಪ್ ಬಿಟ್ಕೊಂಡ ದಿನ ನೀರು ನಿಲ್ಲಿಸೋಕೆ ಮಷೀನ್ ಎಳೀಬೇಕಾಗಿ ಬರಬಾರ್ದು. ಸಾಕೆಟ್ಟೂ ಹಾಗೇ, ನಲ್ಲಿ ಕೆಳಗೆ ಬೇಡ. ಗೋಡೇಲಿ ಪೈಪಿಗೆ ಕಾಲುವೆ ಕೊರೆಯೋವಾಗ ಮೇಲಿಂದ ಕೆಳಗೆ ಆದ್ರೆ ಗೋಡೆ ದಪ್ಪದ ಮೂರರಲ್ಲಿ ಒಂದು ಪಾಲು, ಅಡ್ಡಕ್ಕೆ ಆದ್ರೆ ಆರರಲ್ಲಿ ಒಂದು ಪಾಲು, ಅದಕ್ಕಿಂತ ಆಳ ಹೋಗ್ಬೇಡಿ, ಗೋಡೆ ಶಕ್ತಿ ಕಳ್ಕೊಳ್ಳುತ್ತೆ. ಭಾರ ಹೊತ್ತಿರೋ ಗೋಡೆ ಆದ್ರೆ ಅಡ್ಡ ಕಾಲುವೆ ಕೊರೆಯೋಕೆ ಮುಂಚೆ ಇಂಜಿನಿಯರ್ ಒಬ್ಬರನ್ನ ಕೇಳಿ.

ನಲ್ಲಿ ಕೂರೋ ಎಲ್ಬೋ ಬಾಯಿ ಎಷ್ಟು ಮುಂದೆ ಬರ್ಬೇಕು ಅನ್ನೋದು ಎಲ್ಲರೂ ಎಡವೋ ಜಾಗ. ಈಗಿನ ಗಾರೆಗೆ ಸಮ ಇಟ್ಬಿಟ್ರೆ ಟೈಲ್ ಬಂದ್ಮೇಲೆ ಅದು ಒಳಗೆ ಹೋಗುತ್ತೆ, ಆಮೇಲೆ ಎಕ್ಸ್‌ಟೆನ್ಷನ್ ಹಾಕಿ ಎಳೀಬೇಕು, ಆ ಎಕ್ಸ್‌ಟೆನ್ಷನ್ ಜಾಯಿಂಟೇ ಮುಂದೆ ಸೋರೋದು. ಅಂಟು ಸುಮಾರು 4 ಮಿಮೀ, ಟೈಲ್ 8 ಮಿಮೀ ಅಂದ್ರೆ ಗಾರೆ ಮಟ್ಟದಿಂದ 12 ಮಿಮೀ ಮುಂದೆ ಇರ್ಬೇಕು, ನಿಮ್ಮ ಟೈಲ್ ದಪ್ಪ ಅಳೆದು ಲೆಕ್ಕ ಹಾಕಿ. ಬಾಯಿಗೆ ಡಮ್ಮಿ ಪ್ಲಗ್ ಹಾಕಿ ನೀರು ಬಿಟ್ಟು ಒಂದಿಡೀ ರಾತ್ರಿ ಪ್ರೆಷರಲ್ಲಿ ಇಡಿ, ಪ್ಲಂಬರ್ ಹತ್ರ ಪ್ರೆಷರ್ ಪಂಪ್ ಇದ್ರೆ ಇನ್ನೂ ಒಳ್ಳೇದು. ಬೆಳಗ್ಗೆ ಒಂದೊಂದು ಜಾಯಿಂಟಿಗೂ ಟಿಶ್ಯೂ ಪೇಪರ್ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವ ಪೇಪರಲ್ಲಿ ಕಾಣುತ್ತೆ. ಅದಾದ ಮೇಲೇನೇ ಗಾರೆ ಮುಚ್ಚೋದು.

ಬಿರುಕಲ್ಲಿ ಎರಡು ತರ. ಗಾರೆ ಮೇಲ್ಮೈಲಿ ಜೇಡರ ಬಲೆ ತರ ಇರೋದು ಗಾರೆ ಬೇಗ ಒಣಗಿ ಬಂದಿದ್ದು, ಗಾರೆ ಟೊಳ್ಳಿಲ್ಲ ಅಂದ್ರೆ ಚಿಂತೆ ಬೇಡ. ಇನ್ನೊಂದು ಇಟ್ಟಿಗೆವರೆಗೂ ಹೋಗಿರೋದು, ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆ ಸಂದಿ ಹಿಡ್ಕೊಂಡು ಹೋಗಿರುತ್ತೆ. ಅದರ ಎರಡೂ ತುದೀಗೆ ಪೆನ್ಸಿಲ್ಲಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ, ಕೆಲವು ವಾರದಲ್ಲಿ ಗೆರೆ ದಾಟಿದ್ರೆ, ಅಥವಾ ಬಿರುಕಿನ ಒಂದು ಕಡೆ ಇನ್ನೊಂದಕ್ಕಿಂತ ಮುಂದೆ ಬಂದಿದ್ರೆ ಟೈಲ್ಸ್ ಮಾತು ಬಿಟ್ಟು ಮೊದಲು ಇಂಜಿನಿಯರಿಗೆ ತೋರಿಸಿ. ನಿಂತಿರೋ ಬಿರುಕಾದ್ರೆ ಗ್ರೈಂಡರಲ್ಲಿ ವಿ ಆಕಾರಕ್ಕೆ ಒಂದು ಸೆಂಟಿಮೀಟರ್ ಆಳ ಅಗಲಿಸಿ, ಧೂಳು ತೆಗೆದು, ನೀರು ಚಿಮುಕಿಸಿ, ಪಾಲಿಮರ್ ಸೇರಿಸಿದ ರಿಪೇರಿ ಮಾರ್ಟರ್ ಒತ್ತಿ ತುಂಬಿ. ಇಟ್ಟಿಗೆ ಗೋಡೆ ಕಾಂಕ್ರೀಟ್ ಕಂಬಕ್ಕೆ ಸೇರೋ ಕಡೆ, ಪೈಪ್ ಕಾಲುವೆ ಮೇಲೆ, ಎರಡೂ ಕಡೆ ಅರ್ಧ ಅಡಿ ಹಬ್ಬೋ ಹಾಗೆ ಮೆಶ್ (ಜಾಲರಿ) ಹೊಡೀರಿ, ಈ ಎರಡು ಜಾಗದಲ್ಲೇ ಟೈಲ್ ಸಮೇತ ಸೀಳೋದು.

ಗಾರೆ ಹಾಕೋಕೆ ಮುಂಚೆ ಹಿಂದಿನ ಇಟ್ಟಿಗೆಗೆ ಚೆನ್ನಾಗಿ ನೀರು ಹಾಕಿ, ನೀರು ಕುಡಿದು ಮೇಲ್ಮೈ ಹೊಳಪು ಆರೋ ತನಕ ಕಾಯಿರಿ. ಎಸ್‌ಬಿಆರ್ ಲೇಟೆಕ್ಸ್ (ಹಾಲಿನ ತರ ಇರೋ ರಬ್ಬರ್ ದ್ರವ) ಸೇರಿಸಿದ ತೆಳು ಸಿಮೆಂಟ್ ಸ್ಲರಿಯನ್ನ ಬ್ರಷ್ಷಲ್ಲಿ ಬಳಿಯಿರಿ, ಅದು ಕೈಗೆ ಅಂಟೋ ಹದದಲ್ಲಿ ಇರೋವಾಗ್ಲೇ ಗಾರೆ ಹೊಡೀಬೇಕು, ಒಣಗಿಬಿಟ್ರೆ ಅದೇ ಸ್ಲರಿ ಗಾರೇನ ಹಿಡಿಯೋ ಬದಲು ಬಿಡಿಸುತ್ತೆ, ಆದ್ದರಿಂದ ಒಂದು ಸಲಕ್ಕೆ ಎಷ್ಟು ಗಾರೆ ಹಾಕೋಕೆ ಆಗುತ್ತೋ ಅಷ್ಟಕ್ಕೇ ಬಳಿಯಿರಿ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಮರಳು ಜರಡಿ ಹಿಡಿದಿದ್ದಾಗಿರ್ಲಿ. ನೀರು ಹಾಕಿ ಕಲೆಸಿದ್ದನ್ನ ಅರ್ಧ ಮುಕ್ಕಾಲು ಗಂಟೇಲಿ ಮುಗಿಸಿ, ಗಟ್ಟಿಯಾಗ್ತಿದೆ ಅಂತ ಮತ್ತೆ ನೀರು ಸೇರಿಸಿ ಕಲೆಸ್ಬೇಡಿ. ದಪ್ಪ 12 ರಿಂದ 15 ಮಿಮೀ, 20 ಮಿಮೀ ದಾಟೋ ಕಡೆ ಎರಡು ಸಲ ಹಾಕಿ, ಮೊದಲನೇ ಪದರಕ್ಕೆ ಗೀರು ಹಾಕಿಟ್ಟು ಅದು ಗಟ್ಟಿಯಾದ ಮೇಲೆ ಎರಡನೇದು. ಕೊನೇಲಿ ಮರದ ಹಲಗೇಲಿ ಉಜ್ಜಿ ಮರಳು ಮರಳಾಗಿ ಬಿಡಿ, ಕರಣೇಲಿ ನೀಲಿ ಹೊಳಪು ಬರೋ ಹಾಗೆ ತೀಡ್ಬೇಡಿ, ಅಂಟಿಗೆ ಒರಟು ಬೇಕು.

ಏಳು ದಿನ ದಿನಕ್ಕೆ ಎರಡು ಮೂರು ಸಲ ನೀರು ಹೊಡೀರಿ. ಆಮೇಲೆ ಒಣಗೋಕೆ ಬಿಡಿ, ಕನಿಷ್ಠ ಎರಡು ವಾರ, ಸಮಯ ಇದ್ರೆ ನಾಲ್ಕು ವಾರ. ಎಲ್ಲರಿಗೂ ಅವಸರ ಆಗೋದು ಇಲ್ಲೇ, ಕೋಣೆ ಖಾಲಿ ನಿಂತಿರುತ್ತೆ, ಬಟ್ಟೆ ರಾಶಿ ಬೆಳೀತಿರುತ್ತೆ. ಗಾರೆ ಒಣಗೋವಾಗ ಕುಗ್ಗುತ್ತೆ, ಕುಗ್ಗೋ ಗಾರೆ ಮೇಲೆ ಕುಗ್ಗದ ಟೈಲ್ ಇದ್ರೆ ಮಧ್ಯದ ಅಂಟು ಎರಡೂ ಕಡೆ ಎಳೆತಕ್ಕೆ ಸಿಗುತ್ತೆ, ಅದಕ್ಕೇ ಈ ಕಾಯೋದು. ನಾನು ಈ ಹೊತ್ತಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ಬಾಗಿಲಿನ ಪೇಂಟು ಎಲ್ಲಾ ಮುಗಿಸ್ಕೊಂಡೆ.

ಮಟ್ಟ ನೋಡೋದು

ಎರಡು ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನ ಗೋಡೆಗೆ ನಿಲ್ಲಿಸಿ, ಮಲಗಿಸಿ, ಓರೆಯಾಗಿ ಮೂರೂ ತರ ಇಟ್ಟು ಹಿಂದೆ ಟಾರ್ಚ್ ಹಿಡೀರಿ, ಬೆಳಕು ಎಲ್ಲಿ ನುಸುಳುತ್ತೋ ಅಲ್ಲಿ ತಗ್ಗಿದೆ. ಪಟ್ಟಿ ಕೆಳಗೆ 3 ಮಿಮೀವರೆಗೂ ಸಂದಿ ಇದ್ರೆ ನಡೆಯುತ್ತೆ. ಒಂದು ಬದಿ 38 ಸೆಂಮೀಗಿಂತ ಉದ್ದ ಇರೋ ದೊಡ್ಡ ಟೈಲ್ ಆದ್ರೆ ಇನ್ನೂ ಬಿಗಿ, ಮೂರು ಮೀಟರಿಗೆ 3 ಮಿಮೀ. ಉಬ್ಬಿದ್ದ ಕಡೆ ಗ್ರೈಂಡ್ ಮಾಡಿ, ತಗ್ಗಿದ್ದ ಕಡೆ ರಿಪೇರಿ ಮಾರ್ಟರ್ ಹಾಕಿ. ಅಂಟನ್ನೇ ದಪ್ಪ ಹಾಕಿ ಸರಿ ಮಾಡ್ತೀನಿ ಅನ್ನೋರ ಮಾತು ಕೇಳ್ಬೇಡಿ, ದಪ್ಪ ಅಂಟು ಒಣಗ್ತಾ ಟೈಲನ್ನ ಒಳಗೆ ಎಳ್ಕೊಳ್ಳುತ್ತೆ, ಹತ್ತಿರದ ಟೈಲಿಗೂ ಅದಕ್ಕೂ ತುದಿ ಸೇರಲ್ಲ. ಗೋಡೆ ನೆಟ್ಟಗಿದೆಯಾ ಅಂತ ತೂಗುಗುಂಡು ಬಿಟ್ಟು ನೋಡಿ, ಮೂಲೆಗೆ ಮೂಲೆಮಟ್ಟ ಇಡಿ. ಮೂಲೆ ಓರೆ ಇದ್ರೆ ಮಷೀನ್ ಪಕ್ಕದ ಟೈಲ್ ಸಾಲು ಮೇಲೆ ಹೋಗ್ತಾ ಹೋಗ್ತಾ ಸೊಟ್ಟ ಕಾಣುತ್ತೆ.

ಗೋಡೆ ಇಟ್ಟಿಗೇದಲ್ಲ, ಫ್ರೇಮಿಗೆ ಬೋರ್ಡ್ ಹೊಡೆದಿರೋದು ಅನ್ನೋರಿಗೆ ಒಂದಿಷ್ಟು ಮಾತು. ನೀರು ಕುಡಿದು ಊದಿರೋ ಜಿಪ್ಸಮ್ ಬೋರ್ಡನ್ನ ಉಳಿಸೋಕೆ ನೋಡ್ಬೇಡಿ, ಕತ್ತರಿಸಿ ತೆಗೆದು ಸಿಮೆಂಟ್ ಬೋರ್ಡ್ ಹಾಕಿ. ತೆಗೆದಾಗ ಹಿಂದಿನ ಮರದ ಫ್ರೇಮಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗಿದ್ರೆ ಅದೂ ಬದಲಾಗ್ಬೇಕು. ಬೋರ್ಡುಗಳ ನಡುವೆ 3 ಮಿಮೀ ಸಂದಿ ಬಿಟ್ಟು, ತುಕ್ಕು ಹಿಡಿಯದ ಸ್ಕ್ರೂ 20 ಸೆಂಮೀಗೊಂದು ಹಾಕಿ, ಸಂದಿಗೆ ಕ್ಷಾರ ತಡೆಯೋ ಫೈಬರ್ ಮೆಶ್ ಟೇಪ್ ಮತ್ತೆ ಟೈಲ್ ಅಂಟು. ಬೋರ್ಡ್ ಬುಡ ನೆಲಕ್ಕೆ ತಾಗಬಾರ್ದು, 6 ರಿಂದ 10 ಮಿಮೀ ಎತ್ತರ ಇಡಿ, ತಾಗಿದ್ರೆ ಒರೆಸೋ ನೀರನ್ನೂ ಹೀರುತ್ತೆ.

ವಾಟರ್‌ಪ್ರೂಫ್, ಪ್ರೈಮರ್, ಕೊನೇ ಪರೀಕ್ಷೆ

ಟೈಲ್ಸ್ ಮತ್ತೆ ಅದರ ಸಂದಿಗೆ ತುಂಬೋ ಗ್ರೌಟು ನೀರು ತಡೆಯುತ್ತೆ ಅನ್ನೋ ನಂಬಿಕೆ ತಪ್ಪು, ಗ್ರೌಟ್ ಮೂಲಕ ನೀರು ನಿಧಾನಕ್ಕೆ ಒಳಗೆ ಹೋಗುತ್ತೆ, ತಡೆಯೋದು ಹಿಂದಿನ ವಾಟರ್‌ಪ್ರೂಫ್ ಪೊರೆ. ಗೋಡೆ ನೆಲ ಸೇರೋ ಮೂಲೆ ಮತ್ತೆ ಪೈಪ್ ತೂತಿನ ಸುತ್ತ ಮೊದಲು ಫ್ಯಾಬ್ರಿಕ್ ಪಟ್ಟಿಯನ್ನ ಪೊರೆ ದ್ರವದಲ್ಲೇ ಅದ್ದಿ ಕೂರಿಸಿ, ಸುಕ್ಕು ಇಲ್ಲದ ಹಾಗೆ ಬೆರಳಲ್ಲಿ ಸವರಿ. ಆಮೇಲೆ ಮೊದಲ ಕೋಟ್ ಮೇಲಿಂದ ಕೆಳಗೆ, ಒಣಗಿದ ಮೇಲೆ ಎರಡನೇದು ಅಡ್ಡಕ್ಕೆ, ಹೀಗೆ ಮಾಡಿದ್ರೆ ಬ್ರಷ್ ಬಿಟ್ಟ ಸೂಜಿ ತೂತುಗಳು ಮುಚ್ಚುತ್ತೆ. ಎರಡು ಕೋಟಿಗೂ ಬೇರೆ ಬೇರೆ ಬಣ್ಣ ಸಿಕ್ಕಿದ್ರೆ ತಗೊಳ್ಳಿ, ಬಿಟ್ಟ ಜಾಗ ತಕ್ಷಣ ಕಾಣುತ್ತೆ. ನೆಲದಿಂದ 15 ಸೆಂಮೀ ಗೋಡೆಗೆ ಹತ್ತಿಸೋದು ತೀರಾ ಕನಿಷ್ಠ, ಸಿಂಕ್ ಮತ್ತೆ ನಲ್ಲಿ ಹಿಂದೆ ನೀರು ಹಾರೋ ಎತ್ತರದವರೆಗೂ ಬಳಿಯಿರಿ. ಪೊರೆ ಟೈಲ್ ಅಂಟಿಗೆ ಹೊಂದುತ್ತಾ ಅಂತ ಡಬ್ಬ ಮೇಲೆ ಬರೆದಿರ್ತಾರೆ, ಓದಿ, ಟೆರೇಸಿಗೆ ಹಾಕೋ ಎಲ್ಲಾ ಕೋಟಿಂಗಿಗೂ ಟೈಲ್ ಅಂಟು ಹಿಡಿಯಲ್ಲ. ನೆಲಕ್ಕೂ ಪೊರೆ ಹಾಕಿದ್ರೆ ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ಕೆಳಗಿನ ಮಹಡಿ ಸೂರು ನೋಡಿ.

ಪೊರೆ ಇಲ್ಲದ ಉಳಿದ ಗೋಡೆ ಜಾಸ್ತಿ ನೀರು ಹೀರೋ ಹಾಗಿದ್ರೆ ಪ್ರೈಮರ್ ಒಂದು ಕೋಟ್ ಸಾಕು. ಚಿಮುಕಿಸಿದ ನೀರು ಕಣ್ಣು ಮಿಟುಕಿಸೋದ್ರೊಳಗೆ ಮಾಯ ಆದ್ರೆ ಆ ಗೋಡೆ ಅಂಟಿನ ನೀರನ್ನೂ ಹಾಗೇ ಕುಡಿದು ಅಂಟು ಬಲಿಯೋಕೆ ಬಿಡಲ್ಲ. ಪ್ರೈಮರಿಗೆ ಮುಂಚೆ ಗೋಡೆಯನ್ನ ಗುಡಿಸಿ, ಹಿಂಡಿದ ಸ್ಪಂಜಲ್ಲಿ ಮೇಲಿಂದ ಕೆಳಗೆ ಒರೆಸಿ, ಅಂಗೈ ಸವರಿದ್ರೆ ಕೈಗೆ ಬಿಳಿ ಬರಬಾರ್ದು.

ಇಷ್ಟೆಲ್ಲ ಆದ ಮೇಲೆ ನಾನು ಮಾಡಿದ್ದೊಂದನ್ನ ನೀವೂ ಮಾಡಿ. ಮಷೀನ್ ನಿಲ್ಲೋ ಜಾಗದಲ್ಲಿ, ಪೊರೆ ಬಳಿಯದ ಬರೀ ಪ್ರೈಮರ್ ಇರೋ ಗೋಡೆ ಮೇಲೆ ಒಂದು ಟೈಲ್ ತುಂಡು ಅಂಟಿಸಿ ಮೂರು ದಿನ ಬಿಟ್ಬಿಡಿ. ನಾಲ್ಕನೇ ದಿನ ಉಳಿ ಇಟ್ಟು ಎಬ್ಬಿಸಿ. ನಮ್ಮದು ಇಡಿಯಾಗಿ ಬರಲೇ ಇಲ್ಲ, ನಾಲ್ಕು ಚೂರಾಗಿ ಬಂತು, ಒಂದೊಂದು ಚೂರಿನ ಬೆನ್ನಲ್ಲೂ ಅರ್ಧ ಅಂಟು, ಇನ್ನರ್ಧ ಗೋಡೇಲೇ, ಒಂದು ಚೂರಂತೂ ಗಾರೆಯನ್ನೇ ಕಿತ್ಕೊಂಡು ಬಂತು. ನೀಲಿ ಪೇಂಟೂ ಇಲ್ಲ ಬಿಳಿ ಪುಡೀನೂ ಇಲ್ಲ. ಆ ಗುಳಿಗೆ ಮಾರ್ಟರ್ ತುಂಬಿ ಎರಡು ದಿನ ಬಿಟ್ಟು, ಮತ್ತೆ ಪ್ರೈಮರ್ ಸವರಿ, ನೆಲದಿಂದ ಒಂದು ಟೈಲ್ ಎತ್ತರ ಬಿಟ್ಟು ಅಡ್ಡ ಗೆರೆ ಹೊಡೆದು, ಅಲ್ಲಿಂದ ಟೈಲ್ಸ್ ಶುರು ಮಾಡಿದ್ವಿ.